ಗಂಟಿ ಗಾಡಿಯ ತಪಾಸಣೆ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಕರಡಿಗುಡ್ಡ ಕ್ರಾಸ್ ಎಂದೊಂದು ಜಾಗ. ಅಲ್ಲಿಯ ಅಗ್ನಿಶಾಮಕ ಠಾಣೆಗೆ ಇದ್ದದ್ದು ಒಂದೇ ಗಾಡಿ, ಆ ಗಾಡಿಗೆ ಒಬ್ಬನೇ ಡ್ರೈವರ್. ಗಾಡಿಗೆ ಮೂವತ್ತೊಂದು ವರ್ಷ, ಡ್ರೈವರ್ ಪರಮಣ್ಣನಿಗೆ ಐವತ್ತನಾಲ್ಕು. ಇಬ್ಬರಲ್ಲಿ ಮೊದಲು ಯಾರು ಮೂಲೆ ಸೇರುತ್ತಾರೆ ಎಂದು ಎದುರಿನ ಚಹಾದಂಗಡಿಯಲ್ಲಿ ಪಂದ್ಯ ಕಟ್ಟುತ್ತಿದ್ದರು. ಪರಮಣ್ಣ ಕೇಳಿಯೂ ಕೇಳದವನಂತೆ ಚಹಾ ಕುಡಿದು ಎದ್ದು ಬರುತ್ತಿದ್ದ. ತನ್ನ ಬಗ್ಗೆ ಯಾರು ಏನಂದರೂ ಅವನಿಗೆ ನಡೆಯುತ್ತಿತ್ತು. ಗಾಡಿಯ ಬಗ್ಗೆ ಅಂದರೆ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು.

ಆ ಗಾಡಿಯ ಸೈರನ್ನು ಕೆಟ್ಟು ಒಂಬತ್ತು ವರ್ಷವಾಗಿತ್ತು. ಅದರ ಬದಲಿಗೆ ಮುಂದೆ ಒಂದು ಹಿತ್ತಾಳೆಯ ಗಂಟೆ ತೂಗುಹಾಕಿದ್ದರು. ಬೆಂಕಿ ಬಿತ್ತೆಂದರೆ ಫೈರ್‌ಮನ್ ಬಸವಂತ್ರಾಯ ಡ್ರೈವರನ ಪಕ್ಕದ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಗಂಟೆಯ ಹಗ್ಗ ಜಗ್ಗುತ್ತಿದ್ದ. ಆ ಬಯಲು ಸೀಮೆಯಲ್ಲಿ ಅದು ಎರಡು ಮೈಲಿ ಕೇಳಿಸುತ್ತಿತ್ತು. ಸರ್ಕಾರ ಅದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿತ್ತು. ಜನ ಮಾತ್ರ ಗಂಟಿ ಗಾಡಿ ಎಂದೇ ಕರೆದರು.

ಕೆನಾಲಿಗೆ ನೀರು ಬಿಟ್ಟಮೇಲೆ ಈ ಗಾಡಿಗೆ ಬಿಡುವಿಲ್ಲದಂತಾಯಿತು. ನೀರು ಬಂದರೆ ಬೆಂಕಿ ಕಡಿಮೆಯಾಗಬೇಕಲ್ಲ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವವರು ಬಣವೆ ನೋಡಿದವರಲ್ಲ. ಜೋಳ, ತೊಗರಿ ಎಂದು ಒಂದೇ ಬೆಳೆಗೆ ಸುಮ್ಮನಾಗುತ್ತಿದ್ದ ಹೊಲಗಳಲ್ಲಿ ಈಗ ವರ್ಷಕ್ಕೆ ಎರಡು ಸಲ ನೆಲ್ಲು. ಮನೆಮನೆಯ ಹಿಂದೆ ಮನೆಗಿಂತ ಎತ್ತರದ ಹುಲ್ಲಿನ ಬಣವೆ, ಅಂಗಳದಲ್ಲಿ ಹತ್ತಿಯ ರಾಶಿ, ಅದರ ಮೇಲೆ ಹೊಸದಾಗಿ ಎಳೆದ ಕರೆಂಟಿನ ತಂತಿ. ಮಾರ್ಚ್ ತಿಂಗಳ ಗಾಳಿಗೆ ಒಂದು ಕಿಡಿ ಸಾಕು.

ಗಾಡಿಯ ಟ್ಯಾಂಕು ತುಕ್ಕು ತಿಂದು ಜರಡಿಯಾಗಿತ್ತು. ಪರಮಣ್ಣ ತೂತುಗಳಿಗೆ ಬಟ್ಟೆ ಒಗೆಯುವ ಸಬಕಾರ ಮೆತ್ತಿ, ಮೇಲೆ ಸೆಣಬು ತುಂಬಿ ಇಟ್ಟಿದ್ದ. ಗಾಡಿ ನಿಂತಲ್ಲೇ ನಿಂತರೆ ಒಂದು ಹನಿ ಸೋರದು. ಕೆನಾಲ್ ಏರಿಯ ಮೇಲೆ ನಾಲ್ಕು ಸಲ ಎಗರಿತೆಂದರೆ ಸಬಕಾರವೆಲ್ಲ ಉದುರಿ ನೀರು ರಸ್ತೆಯ ಪಾಲು. ಇದಕ್ಕೆ ದಾರಿಯ ಊರಿನವರೇ ಒಂದು ಉಪಾಯ ಮಾಡಿಕೊಂಡಿದ್ದರು. ಗಂಟೆಯ ಸದ್ದು ಕೇಳಿದರೆ ಸಾಕು, ಹೆಂಗಸರು ಕೊಡ ಎತ್ತಿಕೊಂಡು ರಸ್ತೆಗೆ ಬಂದು ನಿಲ್ಲುವರು. ಗಾಡಿ ನಿಲ್ಲುತ್ತದೆ. ಬಸವಂತ್ರಾಯ ಗಂಟೆ ಬಾರಿಸುತ್ತಲೇ ಇರುತ್ತಾನೆ, ಇನ್ನೂ ಕೊಡಗಳು ಬರಲಿ ಎಂದು. ಟ್ಯಾಂಕು ತುಂಬುತ್ತದೆ, ಗಾಡಿ ಹೊರಡುತ್ತದೆ. ಮುಂದಿನ ಊರಲ್ಲಿ ಮತ್ತೆ ಇದೇ.

ಹೀಗೆ ಸೋರುತ್ತ, ತುಂಬಿಸಿಕೊಳ್ಳುತ್ತ, ನೂಕಿಸಿಕೊಳ್ಳುತ್ತ ಗಾಡಿ ಮುಟ್ಟುವುದಂತೂ ಮುಟ್ಟುತ್ತಿತ್ತು. ಬಂದಮೇಲೆ ಪರಮಣ್ಣ ಗಾಡಿಯ ಪುಸ್ತಕ ತೆಗೆದು ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ: 'ವೇಳೆಗೆ ಸರಿಯಾಗಿ ಮುಟ್ಟಿದೆ. ಗಾಡಿಯಲ್ಲಿ ದೋಷವಿಲ್ಲ.' ಒಂಬತ್ತು ವರ್ಷ ಅವನು ಬರೆದದ್ದು ಅದನ್ನೇ. ಸುಳ್ಳು ಬರೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿದ್ದಿಲ್ಲ. ಮನೆಯ ಮುದುಕರಿಗೆ ಕಾಲು ನೋವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೇನು?

ಠಾಣೆಯ ಅಧಿಕಾರಿ ನಸೀರುದ್ದೀನ ಸಾಹೇಬರು ಹೊಸ ಗಾಡಿ ಬೇಕೆಂದು ನಾಲ್ಕು ವರ್ಷದಿಂದ ಅರ್ಜಿ ಬರೆದು ಬರೆದು ಬೆರಳು ಸವೆಸಿಕೊಂಡಿದ್ದರು. ಮೂರು ಸಲ ಅರ್ಜಿ ಹೋದ ದಾರಿಯಲ್ಲೇ ಹಿಂದಕ್ಕೆ ಬಂದಿತ್ತು. ಮೂರು ಸಲವೂ ಅದರ ಮೇಲೆ ಒಂದೇ ಷರಾ: 'ವಾಹನದ ಪುಸ್ತಕದ ಪ್ರಕಾರ ವಾಹನ ಒಮ್ಮೆಯೂ ತಡವಾಗಿಲ್ಲ. ಬದಲಾವಣೆಯ ಅಗತ್ಯ ಕಾಣುವುದಿಲ್ಲ.' ಸಾಹೇಬರು ಆ ಕಾಗದವನ್ನು ಪರಮಣ್ಣನ ಮುಂದೆ ಹಿಡಿದಾಗ ಅವನ ಮುಖ ಅರಳಿತ್ತು. ಬೆಂಗಳೂರಿನವರೂ ತನ್ನ ಗಾಡಿಯನ್ನು ಮೆಚ್ಚಿದ್ದಾರೆ ಎಂದು ತಿಳಿದಿದ್ದ, ಪುಣ್ಯಾತ್ಮ.

ತೊಂಬತ್ತಾರನೆಯ ಇಸವಿಯ ಮಾರ್ಚಿನಲ್ಲಿ ಕೊನೆಗೂ ಒಂದು ಪತ್ರ ಬಂತು. ಸರ್ಕಾರ ಹಳೆಯ ಗಾಡಿಗಳ ಜಾಗಕ್ಕೆ ಹೊಸವನ್ನು ಕೊಳ್ಳಲು ಹಣ ಇಟ್ಟಿದೆ. ಗುಲ್ಬರ್ಗಾ ವಿಭಾಗದ ಪಾಲಿಗೆ ಒಂದು ಗಾಡಿ. ಬೆಂಗಳೂರಿನಿಂದ ತಪಾಸಣೆಯ ಸಾಹೇಬರು ಬಂದು ನೋಡುತ್ತಾರೆ. ಹಳೆಯದು ಕೆಲಸಕ್ಕೆ ಬಾರದು ಎಂದು ಬರೆದರೆ ಹೊಸದು ಇಲ್ಲಿಗೆ. ಕೆಲಸಕ್ಕೆ ಬರುತ್ತದೆ ಎಂದು ಬರೆದರೆ ಅದು ಬೇರೆ ಊರಿಗೆ. ಮತ್ತೆ ಹಣ ಬರುವುದು ಯಾವ ಕಾಲಕ್ಕೋ ಯಾರಿಗೂ ಗೊತ್ತಿಲ್ಲ.

ನಸೀರುದ್ದೀನ ಸಾಹೇಬರು ಪರಮಣ್ಣನನ್ನು ಎದುರಿಗೆ ಕೂರಿಸಿಕೊಂಡು, ಸಣ್ಣ ಮಗುವಿಗೆ ಹೇಳಿದಂತೆ ಹೇಳಿದರು.

"ಪರಮಣ್ಣ, ನಾಳಿ ಸಾಹೇಬ್ರು ಬರ್ತಾರ. ನೀ ಏನೂ ಮಾಡಬ್ಯಾಡ. ತಿಳೀತಿಲ್ಲೋ? ಗಾಡಿ ಹ್ಯಾಂಗದ ಹಂಗ ಇರ್ಲಿ. ಧೂಳ ಸೈತ ಒರಸಬ್ಯಾಡ."

"ಆಯ್ತ್ರಿ ಸಾಹೇಬ್ರ."

"ಹಳೀ ಗಾಡಿ ಹೋಗ್ತದಂತ ಹೊಟ್ಟ್ಯಾಗ ಸಂಕಟ ಅದ ಏನು?"

ಪರಮಣ್ಣ ಅಂಗೈ ಉಜ್ಜಿಕೊಂಡ. "ಹೊಸಾದು ಬ್ಯಾಡ ಅನ್ನಾಂವ ನಾ ಅಲ್ರಿ. ಈ ಕೈಗೆ ಒಂದು ಹೊಸಾ ಗಾಡಿ ಸಿಕ್ಕರ..." ಎಂದವನು ಮುಂದೆ ಹೇಳಲಾಗದೆ ನಕ್ಕುಬಿಟ್ಟ. ನಿಜ ಹೇಳಬೇಕೆಂದರೆ ಹೊಸ ಗಾಡಿಯ ಆಸೆ ಅವನಿಗೆ ಸಾಹೇಬರಿಗಿಂತ ಹೆಚ್ಚಾಗಿಯೇ ಇತ್ತು. ನಿವೃತ್ತಿಗೆ ನಾಲ್ಕು ವರ್ಷ. ಸ್ಟಾರ್ಟ್ ಮಾಡಿದರೆ ಸ್ಟಾರ್ಟ್ ಆಗುವ ಗಾಡಿಯನ್ನು ಒಮ್ಮೆಯಾದರೂ ಓಡಿಸಬೇಕು ಎಂದು ಅವನು ಹೆಂಡತಿ ಭೀಮವ್ವನ ಮುಂದೆ ಎಷ್ಟು ಸಲ ಹೇಳಿದ್ದನೋ.

ಸಾಹೇಬರು ಕೆಲಸದ ಮೇಲೆ ಸುರಪುರಕ್ಕೆ ಹೋದರು. ಅವರು ಮಾಡಿದ ತಪ್ಪು ಅದೊಂದೇ.

ನಮ್ಮ ಕಡೆ ಸಾಹೇಬರೊಬ್ಬರು ಬರುತ್ತಾರೆ ಎಂದರೆ ಕೈ ಸುಮ್ಮನಿರುವುದಿಲ್ಲ. ಕಲ್ಲಿಗೆ ಸುಣ್ಣ ಬಳಿಯಬೇಕು, ಗಿಡದ ಬುಡಕ್ಕೆ ಕೆಮ್ಮಣ್ಣು ಬಳಿಯಬೇಕು, ಅಂಗಳಕ್ಕೆ ನೀರು ಹೊಡೆಯಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಕೈಗೇ ಗೊತ್ತು. ಪರಮಣ್ಣ ಮಧ್ಯಾಹ್ನ ಊಟ ಮಾಡಿ ಬಂದು ಗಾಡಿ ನೋಡಿದ. ಬಾನೆಟ್ಟಿನ ಮೇಲೆ ಕಾಗೆ ಗಲೀಜು ಮಾಡಿತ್ತು. ಅದೊಂದನ್ನಷ್ಟೇ ಒರೆಸೋಣ ಎಂದು ಬಟ್ಟೆ ಹಿಡಿದ. ಒರೆಸಿದ ಜಾಗ ಫಳಫಳ ಹೊಳೆಯಿತು, ಪಕ್ಕದ ಜಾಗ ಇನ್ನೂ ಕೊಳಕಾಗಿ ಕಂಡಿತು. ಅದನ್ನೂ ಒರೆಸಿದ. ಬಸವಂತ್ರಾಯ ಎಲ್ಲಿಂದಲೋ ಅರ್ಧ ಡಬ್ಬಿ ಕೆಂಪು ಬಣ್ಣ ತಂದ. ಸಂಜೆಯ ಹೊತ್ತಿಗೆ ಪ್ಲಗ್ಗು ಉಜ್ಜಿ, ತಂತಿ ಬಿಗಿದು, ತೂತಿಗೆಲ್ಲ ಹೊಸ ಸಬಕಾರ ಮೆತ್ತಿ, ಗಂಟೆಗೆ ಹುಣಸೆಹಣ್ಣು ತಿಕ್ಕಿ, ರೇಡಿಯೇಟರಿಗೆ ವಿಭೂತಿ ಎಳೆದಿದ್ದರು.

ಮರುದಿನ ಬೆಳಿಗ್ಗೆ ನಸೀರುದ್ದೀನ ಸಾಹೇಬರು ಗೇಟಿನಲ್ಲಿ ಕಾಲಿಟ್ಟವರು ಅಲ್ಲೇ ನಿಂತರು. ಮದುಮಗನ ಹಾಗೆ ಸಿಂಗರಿಸಿಕೊಂಡು ನಿಂತ ಗಾಡಿ ನೋಡಿ ಎರಡೂ ಕೈಯನ್ನು ತಲೆಯ ಮೇಲೆ ಹೊತ್ತುಕೊಂಡರು.

"ಯಾ ಅಲ್ಲಾ! ಪರಮಣ್ಣ, ನಾ ನಿನಗ ಏನ್ ಹೇಳಿದ್ದೆ?"

"ಕಾಗಿ ಹೇತಿತ್ರಿ ಸಾಹೇಬ್ರ," ಎಂದ ಪರಮಣ್ಣ, ತಲೆ ತಗ್ಗಿಸಿ.

ಮುಂದೆ ಬೈಯಲು ಸಮಯವಿರಲಿಲ್ಲ. ಜೀಪು ಬಂದೇಬಿಟ್ಟಿತು. ಇಳಿದ ತಪಾಸಣೆಯ ಸಾಹೇಬರು ನಲವತ್ತರ ಆಸುಪಾಸಿನವರು, ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ನಮೂನೆಯ ಹಾಳೆ. ಒಂದೊಂದೇ ಪ್ರಶ್ನೆ ಓದುತ್ತ ಪರೀಕ್ಷೆ ಶುರುಮಾಡಿದರು. ಗಾಡಿ ಸ್ಟಾರ್ಟ್ ಆಗುತ್ತದೆಯೇ? ಮೂವತ್ತೊಂದು ವರ್ಷದಲ್ಲಿ ಎಂದೂ ಒಂದೇ ಏಟಿಗೆ ಹೊತ್ತಿಕೊಳ್ಳದ ಎಂಜಿನ್ನು ಅಂದು ಕೀಲಿ ಮುಟ್ಟಿದೊಡನೆ ಗುಡುಗಿತು. ಟ್ಯಾಂಕು ಸೋರುತ್ತದೆಯೇ? ಹತ್ತು ನಿಮಿಷ ಗಡಿಯಾರ ಹಿಡಿದು ಟ್ಯಾಂಕಿನ ಕೆಳಗೆ ಬಗ್ಗಿ ನೋಡಿದರು. ಒಂದು ಹನಿಯೂ ಇಲ್ಲ. ಪಂಪು? ಪೈಪಿನಿಂದ ಹೊರಟ ನೀರು ಬೇವಿನ ಮರದ ತುದಿಗೆ ಹೊಡೆದು, ಅಲ್ಲಿದ್ದ ಕಾಗೆಗಳೆಲ್ಲ ಕಾ ಕಾ ಎಂದು ಎದ್ದುಹೋದವು.

"ಭೇಷ್!" ಎಂದರು ಸಾಹೇಬರು. "ಏನ್ರೀ ನಸೀರುದ್ದೀನ್, ಇದನ್ನ ಗುಜರಿ ಅಂತ ಬರೆದಿದ್ದೀರಲ್ರೀ?"

ನಸೀರುದ್ದೀನ ಸಾಹೇಬರು ಹಲ್ಲು ಕಡಿದರು. ಪರಮಣ್ಣನಿಗೆ ಭೇಷ್ ಎಂಬ ಮಾತಿಗೆ ಎದೆ ಉಬ್ಬುತ್ತಿತ್ತು, ಹೊಸ ಗಾಡಿ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು, ಎರಡೂ ಒಟ್ಟಿಗೆ. ತಪಾಸಣೆಯ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ಫೋನು ಬಡಿಯಿತು. ಮುದ್ದಾಪುರದಲ್ಲಿ ಬಣವೆಗೆ ಬೆಂಕಿ. ಗಾಳಿ ಊರಿನ ಕಡೆಗೇ ಬೀಸುತ್ತಿದೆ.

ಮರುಗಳಿಗೆಯಲ್ಲಿ ಬಸವಂತ್ರಾಯ ಮೆಟ್ಟಿಲ ಮೇಲಿದ್ದ, ಉಳಿದವರು ಹಿಂದೆ ಹತ್ತಿದ್ದರು. ತಪಾಸಣೆಯ ಸಾಹೇಬರು ಹಾಳೆಯನ್ನು ಜೇಬಿಗೆ ತುರುಕಿ, "ನಾನೂ ಬರ್ತೀನಿ, ನೋಡೇಬಿಡೋಣ!" ಎಂದು ಪರಮಣ್ಣನ ಪಕ್ಕ ಹತ್ತಿ ಕುಳಿತರು. ಗಂಟೆ ಢಣ ಢಣ ಎಂದಿತು. ಕ್ರಾಸಿನ ಬಸ್ಸುಗಳು ಬದಿಗೆ ಸರಿದವು. ಪರಮಣ್ಣನ ಮೈಯಲ್ಲಿ ಹುಡುಗನ ರಕ್ತ ಹರಿಯಿತು. ಬೆಂಕಿಯ ಸುದ್ದಿ ಬಂದಾಗ ಅವನಿಗೆ ಹೊಸ ಗಾಡಿ, ಹಳೆಯ ಗಾಡಿ, ಸಾಹೇಬರು ಯಾವುದೂ ನೆನಪಿರುವುದಿಲ್ಲ.

ಮುದ್ದಾಪುರ ಹದಿನಾಲ್ಕು ಕಿಲೋಮೀಟರು. ಐದು ಕಿಲೋಮೀಟರು ಡಾಂಬರು, ಉಳಿದದ್ದು ಕೆನಾಲ್ ಏರಿ. ಏರಿ ಹತ್ತಿದೊಡನೆ ಗಾಡಿ ಕುಣಿಯತೊಡಗಿತು. ಸಾಹೇಬರ ತಲೆ ಮೇಲಿನ ತಗಡಿಗೆ ಎರಡು ಸಲ ಬಡಿಯಿತು. ಅವರು ಕನ್ನಡಕ ಕೈಯಲ್ಲಿ ಹಿಡಿದು, "ಹೋಗಲಿ, ಹೋಗಲಿ!" ಎಂದು ಕೂಗುತ್ತಿದ್ದರು. ಹಿಂದೆ ಸಬಕಾರದ ತುಂಡುಗಳು ಒಂದೊಂದೇ ಉದುರಿ ಕೆನಾಲಿನ ಏರಿಯ ಮೇಲೆ ಬೀಳತೊಡಗಿದವು.

ಜಾಲಿಗಿಡದ ಕ್ರಾಸಿನಲ್ಲಿ ಇಪ್ಪತ್ತು ಇಪ್ಪತ್ತೈದು ಹೆಂಗಸರು ಕೊಡ ಹೊತ್ತು ನಿಂತಿದ್ದರು. ಪರಮಣ್ಣ ಬ್ರೇಕು ಹಾಕಿದ.

"ಯಾಕ್ರೀ ನಿಲ್ಲಿಸಿದ್ರಿ? ಬೆಂಕಿ ಇಲ್ಲೆಲ್ಲಿದೆ?"

"ನೀರು ಕುಡಿತದ್ರಿ ಗಾಡಿ," ಎಂದ ಬಸವಂತ್ರಾಯ, ಗಂಟೆ ಜಗ್ಗುವುದನ್ನು ಬಿಡದೆ.

ಹೆಂಗಸರು ಸಾಲಾಗಿ ಕೊಡ ಕೈಯಿಂದ ಕೈಗೆ ದಾಟಿಸಿದರು. ಮೇಲೆ ನಿಂತವರು ಟ್ಯಾಂಕಿನ ಬಾಯಿಗೆ ಸುರಿದರು. ಎಲ್ಲಿ ಬೆಂಕಿ, ಯಾರ ಮನೆ ಎಂದು ಕೇಳುತ್ತ, ಬೇಗ ಹೋಗ್ರಿ ಎಂದು ಬೈಯುತ್ತ, ಕೈ ಮಾತ್ರ ನಿಲ್ಲಿಸದೆ ಕೆಲಸ ಮಾಡಿದರು. ತಪಾಸಣೆಯ ಸಾಹೇಬರು ಕಣ್ಣು ಅಗಲಿಸಿ ನೋಡಿದರು. "ಅದ್ಭುತ! ಏನು ಸಹಕಾರ ರೀ ಜನರದ್ದು!" ಎಂದು ತಾವೂ ಇಳಿದು ಎರಡು ಕೊಡ ಎತ್ತಿಕೊಟ್ಟರು. ಬಿಳಿ ಅಂಗಿ ತೊಯ್ದು ಮೈಗೆ ಅಂಟಿತು.

ಕೆನಾಲಿನ ಸೇತುವೆಯ ಹತ್ತಿರ ಎಂಜಿನ್ನು ಕೆಮ್ಮಿ ನಿಂತಿತು. ಹತ್ತಿ ಹೊಲದಲ್ಲಿದ್ದ ಗಂಡಸರು ಗಂಟೆ ಕೇಳಿ ಮೊದಲೇ ಓಡಿಬರುತ್ತಿದ್ದರು. ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಹಿಂದೆ ಹೆಗಲು ಕೊಟ್ಟು, "ಹೋಯ್ ಹೋಯ್!" ಎಂದು ನೂಕಿದರು. ಹೊತ್ತಿಕೊಳ್ಳಲಿಲ್ಲ. ಪರಮಣ್ಣ ಬಾನೆಟ್ಟು ತೆಗೆದು, ಸುಡುವ ಪ್ಲಗ್ಗನ್ನು ಅಂಗಿಯ ಚುಂಗಿನಲ್ಲಿ ಹಿಡಿದು ಬಿಚ್ಚಿ, ಒರೆಸಿ, ಊದಿ, ಮತ್ತೆ ಹಾಕಿದ. ಮತ್ತೆ ನೂಕಿದರು. ಅಷ್ಟು ಹೊತ್ತೂ ಬಸವಂತ್ರಾಯ ಗಂಟೆ ಬಾರಿಸುತ್ತಲೇ ಇದ್ದ. ಮುದ್ದಾಪುರ ಅಲ್ಲಿಂದ ಎರಡೇ ಮೈಲಿ. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕಪ್ಪಗೆ, ಅಡ್ಡಡ್ಡ. ಮೂರನೆಯ ಸಲಕ್ಕೆ ಎಂಜಿನ್ನು ಹೊತ್ತಿಕೊಂಡಾಗ ಗಂಡಸರೆಲ್ಲ ಕೇಕೆ ಹಾಕಿದರು. ಸಾಹೇಬರೂ ಕೇಕೆ ಹಾಕಿದರು!

ಮುದ್ದಾಪುರ ಮುಟ್ಟಿದಾಗ ನಾಲ್ಕು ಬಣವೆ ಹೊತ್ತಿ ಉರಿಯುತ್ತಿದ್ದವು, ಐದನೆಯದರ ತಲೆಗೆ ಕಿಡಿ ಹಾರಿತ್ತು. ಅದರ ಹಿಂದೆಯೇ ಊರು. ಪರಮಣ್ಣ ಗಾಡಿಯನ್ನು ಊರಿಗೂ ಬೆಂಕಿಗೂ ನಡುವೆ ತಂದು ನಿಲ್ಲಿಸಿದ. ಅಷ್ಟು ಹತ್ತಿರ ನಿಲ್ಲಿಸುವ ಎದೆಗಾರಿಕೆ ಬೇರೆ ಯಾವ ಡ್ರೈವರನಿಗೂ ಇರಲಿಕ್ಕಿಲ್ಲ. ನಿನ್ನೆ ಬಳಿದ ಬಣ್ಣ ಶಾಖಕ್ಕೆ ಗುಳ್ಳೆ ಎದ್ದಿತು. ಬಸವಂತ್ರಾಯ ಪೈಪು ಹಿಡಿದು ಐದನೆಯ ಬಣವೆಯನ್ನು ಮೊದಲು ತೋಯಿಸಿದ, ಆಮೇಲೆ ಉರಿಯುವ ನಾಲ್ಕಕ್ಕೆ ತಿರುಗಿದ. ಪರಮಣ್ಣ ಒಂದು ಕೈ ಪಂಪಿನ ಮೇಲೆ, ಒಂದು ಕೈ ಕೆಳಗಿನ ತೂತಿಗೆ ಒತ್ತಿ ನಿಂತ. ಊರಿನವರು ಹೊಲಗಾಲುವೆಯಿಂದ ಸಾಲುಗಟ್ಟಿ ಕೊಡ ತಂದು ಸುರಿದರು. ನೀರು ಒಳಗೆ ಹೋದಷ್ಟೂ ಹೊರಗೆ ಬರುತ್ತಿತ್ತು, ಆದರೂ ಪೈಪಿನ ಬಾಯಿ ಒಣಗಲಿಲ್ಲ. ಅರ್ಧ ತಾಸಿನ ಮೇಲೆ ಗಾಳಿ ನಿಂತಿತು, ಬೆಂಕಿಯೂ ಆರಿತು. ಊರು ಉಳಿಯಿತು.

ಆಗ ನೋಡಬೇಕಿತ್ತು ಮುದ್ದಾಪುರವನ್ನು. ಯಾರೋ ಚೆಂಡುಹೂವಿನ ಮಾಲೆ ತಂದು ಗಾಡಿಗೆ ಹಾಕಿದರು, ಯಾರೋ ಚಕ್ರದ ಮುಂದೆ ಕಾಯಿ ಒಡೆದರು. ಪರಮಣ್ಣನ ಕೊರಳಿಗೂ ಒಂದು ಮಾಲೆ ಬಿತ್ತು. ತಪಾಸಣೆಯ ಸಾಹೇಬರ ಮುಖವೆಲ್ಲ ಮಸಿ, ಕನ್ನಡಕದ ಒಂದು ಗಾಜು ಒಡೆದಿದೆ, ಆದರೂ ಹಲ್ಲು ಮುಚ್ಚಲೊಲ್ಲವು.

"ಪರಮಣ್ಣೋರೇ, ಹದಿನೆಂಟು ವರ್ಷದ ಸರ್ವಿಸಿನಲ್ಲಿ ಇಂಥದ್ದು ನೋಡಿಲ್ಲ. ಇಂಥ ಗಾಡಿ ಇಟ್ಕೊಂಡು ಹೊಸದು ಯಾಕ್ರೀ? ನಿಮಗೆ ಪದಕ ಕೊಡಿ ಅಂತ ನಾನೇ ಬರೀತೀನಿ!" ಹಾಳೆ ತೆಗೆದು ಬಾನೆಟ್ಟಿನ ಮೇಲೆ ಹರಡಿದರು. "ಇವತ್ತು ಸ್ವಲ್ಪ ತಡ ಆಯ್ತು. ಆದ್ರೆ ಪುಸ್ತಕ ನೋಡಿದೀನಿ, ಒಂಬತ್ತು ವರ್ಷದಲ್ಲಿ ಒಂದು ದಿನವೂ ತಡ ಇಲ್ಲ. ಒಂದು ದಿನದ ಮಾತಿಗೆ ಗಾಡಿ ಕೆಟ್ಟದ್ದು ಅನ್ನೋಕಾಗುತ್ತಾ?"

ಪರಮಣ್ಣ ಮಾಲೆಯ ಹೂವು ಕೀಳುತ್ತ ನಿಂತ. ಪದಕ! ಭೀಮವ್ವನಿಗೆ ಹೇಗೆ ಹೇಳುವುದು, ಯಾವ ಅಂಗಿ ಹಾಕಿಕೊಂಡು ಹೋಗುವುದು ಎಂದು ಮನಸ್ಸು ಆಗಲೇ ಬೆಂಗಳೂರು ಮುಟ್ಟಿತ್ತು.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಅವನ ಎದುರು ನಿಂತಳು. ಮೊದಲು ಬೆಂಕಿ ಬಿದ್ದ ಬಣವೆಯ ಒಡತಿ ಮಲ್ಲಾಬಾಯಿ. ಐವತ್ತರ ಹತ್ತಿರದ ಗಟ್ಟಿ ಜೀವ. ಸೀರೆಯ ಸೆರಗು ಸುಟ್ಟಿತ್ತು. ಅತ್ತಿರಲಿಲ್ಲ, ಕೂಗಾಡಲಿಲ್ಲ.

"ಅಣ್ಣಾ, ಛಲೋ ಬಂದ್ರಿ. ಊರು ಉಳೀತು," ಎಂದಳು. ಆಮೇಲೆ ಬಣವೆಯ ಮಗ್ಗುಲಲ್ಲಿ ಸುಟ್ಟು ಬಿದ್ದಿದ್ದ ಕೊಟ್ಟಿಗೆಯ ಕಡೆಗೆ ಕೈ ಮಾಡಿದಳು. "ನಮ್ಮ ಎಮ್ಮಿ ಹೋತು. ಗಬ್ಬ ಇತ್ತು."

"ಹಗ್ಗ ಬಿಚ್ಚಾಕ ಆಗಲಿಲ್ಲೇನವ್ವಾ?" ಎಂದ ಪರಮಣ್ಣ.

"ಆಗ್ತಿತ್ತು. ನಿಮ್ಮ ಗಂಟಿ ಕೇಳಿಸ್ತು. ಬ್ರಿಜ್ ಕಡಿಂದ ಕೇಳಿಸ್ತು. ಬಂದೇ ಬಿಟ್ರು, ಎರಡು ನಿಮಿಷದಾಗ ನೀರು ಬೀಳ್ತದ ಅಂತ ನಾ ಮಗ್ಗಲ ಮನಿ ಮುದುಕೀನ ಎತ್ಕೊಂಡು ಬರಾಕ ಹೋದೆ. ಗಂಟಿ ಕೇಳಿಸ್ತಾನ ಇತ್ತು, ನೀವು ಬರಲೇ ಇಲ್ಲ. ತಿರುಗಿ ಬರೂದ್ರಾಗ ಕೊಟ್ಟಿಗಿ ಹತ್ತಿತ್ತು."

ಅವಳು ಬೈಯುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೈದಿದ್ದರೆ ಪರಮಣ್ಣ ತಿರುಗಿ ಜಗಳವಾಡುತ್ತಿದ್ದ, ಗಾಡಿಯ ಪರವಾಗಿ ನೂರು ಮಾತು ಹೇಳುತ್ತಿದ್ದ. ಗಂಟೆಯನ್ನು ನಂಬಿ ಯಾರ್ಯಾರು ಏನೇನು ಬಿಟ್ಟು ಕೂತಿದ್ದರೋ, ಒಂಬತ್ತು ವರ್ಷ. ಎಷ್ಟು ಊರು, ಎಷ್ಟು ಕೊಟ್ಟಿಗೆ. ಅವನು ಕೊರಳಿನ ಮಾಲೆ ತೆಗೆದು ಗಾಡಿಯ ಮೆಟ್ಟಿಲ ಮೇಲಿಟ್ಟ.

ತಪಾಸಣೆಯ ಸಾಹೇಬರು ಬರೆಯುತ್ತಿದ್ದರು. ಪರಮಣ್ಣ ಹೋಗಿ ಹಾಳೆಯ ಮೇಲೆ ತನ್ನ ಕೆಸರುಗೈ ಇಟ್ಟುಬಿಟ್ಟ.

"ಬರೀಬ್ಯಾಡ್ರಿ ಸಾಹೇಬ್ರ."

"ಏನ್ರೀ ಇದು?"

"ಆ ಪುಸ್ತಕ ಸುಳ್ಳದ್ರಿ. ಬರದಾಂವ ನಾನ. ಇವತ್ತ ಐವತ್ತೆರಡು ನಿಮಿಷ ಆತು. ಇವತ್ತೊಂದೇ ದಿನ ಅಲ್ರಿ, ದಿನಾ ಹಿಂಗ. ಒಮ್ಮಿ ಒಂದು ತಾಸು, ಒಮ್ಮಿ ಒಂದೂವರಿ. ಒಮ್ಮಿ ನಾವು ಮುಟ್ಟಿದಾಗ ಬೂದಿ ತಣ್ಣಗಾಗಿತ್ರಿ. ಅವತ್ತೂ ವೇಳೆಗೆ ಸರಿಯಾಗಿ ಅಂತನ ಬರದೀನಿ. ಟ್ಯಾಂಕಿಗೆ ಸಬಕಾರ ಮೆತ್ತಿದಾಂವ ನಾನ. ನಸೀರುದ್ದೀನ ಸಾಹೇಬ್ರು ಬರದದ್ದು ಖರೆ ಅದ. ನಮ್ಮ ಗಾಡಿ ಮುಟ್ಟಂಗಿಲ್ರಿ. ಜನ ಎತ್ತಿ ಮುಟ್ಟಸ್ತಾರ."

ಮೆಟ್ಟಿಲ ಮೇಲಿದ್ದ ಬಸವಂತ್ರಾಯ, "ಅಣ್ಣಾ, ಸುಮ್ಮಿರೋ," ಎಂದು ಪಿಸುಗುಟ್ಟಿದ. ಪರಮಣ್ಣ ಸುಮ್ಮನಿರಲಿಲ್ಲ. ಒಮ್ಮೆ ಬಾಯಿ ಬಿಟ್ಟಮೇಲೆ ಒಂಬತ್ತು ವರ್ಷದ್ದೆಲ್ಲ ಹೊರಗೆ ಬಂತು, ಯಾವ ಊರು, ಯಾವ ತಿಂಗಳು, ಎಷ್ಟು ತಡ. ಎಲ್ಲ ಅವನಿಗೆ ನೆನಪಿತ್ತು. ಪುಸ್ತಕಕ್ಕೆ ಹಾಕಿರಲಿಲ್ಲ ಅಷ್ಟೇ.

ತಪಾಸಣೆಯ ಸಾಹೇಬರು ಕನ್ನಡಕ ತೆಗೆದರು. "ಪರಮಣ್ಣೋರೇ, ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರೆದೆ ಅಂತ ಹೇಳ್ತಿದ್ದೀರಿ. ನಾನಿದನ್ನ ಬರ್ಕೊಂಡ್ರೆ ನಿಮಗೇನಾಗುತ್ತೆ ಗೊತ್ತಾ?"

"ಗೊತ್ತದ್ರಿ."

"ಹೊಸ ಗಾಡಿ ಬರಬಹುದು. ಆದ್ರೆ ನಿಮ್ಮನ್ನ ಅದರ ಸ್ಟಿಯರಿಂಗ್ ಮುಟ್ಟೋಕೂ ಬಿಡಲ್ಲ."

ಪರಮಣ್ಣ ಮಲ್ಲಾಬಾಯಿಯ ಕಡೆ ನೋಡಿದ. ಅವಳು ಕೊಟ್ಟಿಗೆಯ ಬೂದಿಯನ್ನು ಕೋಲಿನಿಂದ ಸರಿಸುತ್ತಿದ್ದಳು. "ಬರ್ಕೋರಿ," ಎಂದ. ಸಾಹೇಬರು ತೋರಿಸಿದ ಕಡೆ ಗುಂಡಗಿನ ಅಕ್ಷರದಲ್ಲಿ ಸಹಿ ಮಾಡಿದ.

ಮಾರ್ಚ್ ಮೂವತ್ತೊಂದರ ಸಂಜೆ ಗುಲ್ಬರ್ಗಾದಿಂದ ಫೋನು ಬಂತು: ಹೊಸ ಗಾಡಿ ಮಂಜೂರು. ನಸೀರುದ್ದೀನ ಸಾಹೇಬರು ಕುರ್ಚಿಯಿಂದ ಜಿಗಿದು, ಠಾಣೆಯ ಗೌರವ ಮರೆತು ಬಸವಂತ್ರಾಯನನ್ನು ಅಪ್ಪಿಕೊಂಡು ಕುಣಿದರು. ಚಹಾದಂಗಡಿಯವನು ಅಂದು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ವಾರದ ಮೇಲೆ ಇನ್ನೊಂದು ಆದೇಶ ಬಂತು. ಪರಮಣ್ಣನ ಎರಡು ವೇತನ ಬಡ್ತಿ ಕಡಿತ, ಹೊಸ ಗಾಡಿ ಬಂದೊಡನೆ ವಾಹನ ಚಾಲನೆಯಿಂದ ಬಿಡುಗಡೆ, ನಿವೃತ್ತಿಯ ತನಕ ಟೆಲಿಫೋನ್ ಮೇಜಿಗೆ. ಅಂದು ಯಾರೂ ಚಹಾ ಕುಡಿಯಲಿಲ್ಲ.

ಹೊಸ ಗಾಡಿ ಶ್ರಾವಣದಲ್ಲಿ ಬಂತು. ಅದರ ಜೊತೆಗೆ ಗುರುಮಠಕಲ್ಲಿನಿಂದ ಅಂಬ್ರಪ್ಪ ಎಂಬ ಡ್ರೈವರ್ ಬಂದ. ಮೂವತ್ತರ ಪ್ರಾಯ, ಅರ್ಧ ಕನ್ನಡ ಅರ್ಧ ತೆಲುಗು ಮಾತು. ಪರಮಣ್ಣ ಮೊದಲ ವಾರ ಅವನೊಡನೆ ಮಾತಾಡಲಿಲ್ಲ. ಎರಡನೆಯ ವಾರ ಹೊಟ್ಟೆಕಿಚ್ಚು ನುಂಗಿಕೊಂಡು, ಯಾವ ಏರಿಯಲ್ಲಿ ಯಾವ ಗುಂಡಿ, ಯಾವ ಸೇತುವೆಯ ತಿರುವಿನಲ್ಲಿ ಯಾವ ಗೇರು ಎಂದು ಒಂದೊಂದನ್ನೂ ಹೇಳಿಕೊಟ್ಟ. ಒಮ್ಮೆ ಯಾರೂ ಇಲ್ಲದಾಗ ಒಳಗೆ ಹತ್ತಿ ಕುಳಿತು ಇಳಿದುಬಂದ. ಕೀಲಿ ಮುಟ್ಟಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಫೋನು ಬಡಿಯಿತು. ಕೋಳಿಗುಡ್ಡದ ಪಂಚಾಯ್ತಿಯಿಂದ. ಮುದ್ದಾಪುರಕ್ಕಿಂತ ಇನ್ನೂ ಮೂರು ಕಿಲೋಮೀಟರು ಆಚೆ. ಅತ್ತಲಿನ ದನಿ ಹೆಂಗಸಿನದು. "ಬಣವಿಗೆ ಬೆಂಕಿ ಹತ್ಯಾದ್ರೀ! ನಾ ಪಂಚಾಯ್ತಿ ಮಗ್ಗಲ ಮನಿ ಮೋನಮ್ಮ ಮಾತಾಡಾಕತ್ತೀನಿ. ಲಗೂ ಬರ್ರಿ!"

ಪರಮಣ್ಣ ಗಂಟಲು ಹರಿಯುವಂತೆ ಊರ ಹೆಸರು ಕೂಗಿದ. ಅಂಬ್ರಪ್ಪ ಓಡಿದ, ಸೈರನ್ನು ಚೀರಿತು, ಗಾಡಿ ಗೇಟು ದಾಟಿ ಮರೆಯಾಯಿತು. ಪರಮಣ್ಣ ಇನ್ನೂ ರಿಸೀವರು ಹಿಡಿದೇ ನಿಂತಿದ್ದ.

"ಬರ್ತದೇನ್ರೀ ಗಾಡಿ?" ಎಂದಳು ಮೋನಮ್ಮ.

"ಹೊಂಟದವ್ವಾ. ಆದ್ರ ನೀ ಅದರ ಹಾದಿ ಕಾಯಬ್ಯಾಡ. ಕೊಟ್ಟಿಗ್ಯಾಗ ದನ ಅದಾವೇನು?"

"ಅದಾವ್ರಿ, ನಾಕು."

"ಮೊದಲ ಹಗ್ಗ ಬಿಚ್ಚು. ಬಿಚ್ಚಾಕ ಆಗಲಿಲ್ಲಂದ್ರ ಕೊಯ್ದು ಬಿಡು. ಎಲ್ಲಾರಿಗೂ ಹೇಳು. ಗಾಡಿ ಸಪ್ಪಳ ಕೇಳಿಸಿದ್ರೂ ನಿಲ್ಲಬ್ಯಾಡ್ರಿ. ಫೋನ ಕಟ್ ಮಾಡಬ್ಯಾಡ, ಹಂಗ ಮೇಜಿನ ಮ್ಯಾಲೆ ಇಟ್ಟು ಓಡು!"

ರಿಸೀವರು ಮೇಜಿಗೆ ಬಡಿದ ಸದ್ದಾಯಿತು. ಆಮೇಲೆ ದೂರದಿಂದ ಗದ್ದಲ, ಓಡುವ ಹೆಜ್ಜೆ, ದನಗಳ ಕೂಗು. ಪರಮಣ್ಣ ಕಿವಿಗೆ ಒತ್ತಿ ಹಿಡಿದು ಗೋಡೆಯ ಗಡಿಯಾರ ನೋಡಿದ. ಐದು ನಿಮಿಷ. ಎಂಟು. ಇಪ್ಪತ್ತೆಂಟು ವರ್ಷ ಅವನು ಬೆಂಕಿಯ ಕಡೆಗೆ ಹೋದವನೇ ಹೊರತು ಗಾಡಿಯ ದಾರಿ ಕಾದವನಲ್ಲ. ಕಾಯುವವರ ಒಂದು ನಿಮಿಷ ಎಷ್ಟು ಉದ್ದ ಎಂಬುದು ಈಗ ತಿಳಿಯಿತು. ಹನ್ನೆರಡು. ಜಾಲಿಗಿಡದ ಕ್ರಾಸ್ ದಾಟಿರಬೇಕು. ಹದಿನೈದು. ಸೇತುವೆ. ನಸೀರುದ್ದೀನ ಸಾಹೇಬರು ಒಳಗೆ ಬಂದು ಏನೋ ಕೇಳಿದರು, ಅವನು ಕೈ ಎತ್ತಿ ತಡೆದ.

ಹತ್ತೊಂಬತ್ತನೆಯ ನಿಮಿಷಕ್ಕೆ ಗದ್ದಲದ ನಡುವೆ ಸಣ್ಣಗೆ ಸೈರನ್ನು ಕೇಳಿಸಿತು. ಅದು ಎಲ್ಲಿಯೂ ನಿಲ್ಲಲಿಲ್ಲ. ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಕಿವಿ ತುಂಬಿತು. ಆಮೇಲೆ ನೀರಿನ ಭೋರೆಂಬ ಸದ್ದು, ಅದರ ಮೇಲೆ ಊರಿಗೆ ಊರೇ ಹಾಕಿದ ಕೇಕೆ. ಯಾರೋ ರಿಸೀವರು ಎತ್ತಿಕೊಂಡರು. ಮೋನಮ್ಮನೇ. ಏದುಸಿರು ಬಿಡುತ್ತಿದ್ದಳು.

"ಅಣ್ಣಾ, ಬಂತು! ದನಾ ನಾಕೂ ಹೊರಗ ಅದಾವ!"

ಪರಮಣ್ಣ ರಿಸೀವರನ್ನು ಎದೆಗೆ ಒತ್ತಿಕೊಂಡ. ಸಾಹೇಬರು ಹೆಗಲು ಹಿಡಿದು ಅಲುಗಿಸಿ, "ಏನಾತೋ ಪರಮಣ್ಣ?" ಎಂದರು.

"ಮುಟ್ಟಿತ್ರಿ ಸಾಹೇಬ್ರ!" ಎಂದು ಅವನು ಕೂಗಿದ ಕೂಗಿಗೆ ಎದುರಿನ ಚಹಾದಂಗಡಿಯವರೆಲ್ಲ ರಸ್ತೆಗೆ ಓಡಿಬಂದರು.